ಸಮುದ್ರದೂರಿನಲ್ಲಿ ನೆಗೆಣ್ಣಿಯರು

ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಲ್ಲಿ ಅಣ್ಣನ ಹೆಂಡತಿ ಅಕ್ಕನಾಗಮ್ಮ ಮತ್ತು ತಮ್ಮನ ಹೆಂಡತಿ ಕೊಟ್ರಬಸಮ್ಮ ಒಂದೇ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದರು, ಒಂದೇ ಬಾವಿಯ ನೀರು ಸೇದುತ್ತಿದ್ದರು. ಆದರೆ ಎಂಟು ವರ್ಷದಿಂದ ಆ ನೆಗೆಣ್ಣಿಯರು ಒಬ್ಬರ ಮುಖ ನೋಡಿ ಇನ್ನೊಬ್ಬರು ಮಾತಾಡಿರಲಿಲ್ಲ. ಮಾತು ಬೇಕಾದಾಗ ಮಕ್ಕಳ ಕೈಯಲ್ಲಿ ದಾಟಿಸುತ್ತಿದ್ದರು. "ನಿಮ್ಮ ಚಿಗವ್ವಗ ಹೇಳು, ಸಾರಿಗೆ ಉಪ್ಪು ಹಾಕೀನಿ" ಅಂತ ಅಕ್ಕನಾಗಮ್ಮ ಮಗನಿಗೆ ಹೇಳಿದರೆ, ಎರಡು ಮೊಳ ಆಚೆ ಕೂತ ಕೊಟ್ರಬಸಮ್ಮ "ನಿಮ್ಮವ್ವಗ ಹೇಳು, ಕೇಳ್ತು" ಅನ್ನುತ್ತಿದ್ದಳು. ಮಕ್ಕಳು ಸಿಗದಿದ್ದರೆ ಬೆಕ್ಕಿಗೆ ಹೇಳುತ್ತಿದ್ದರು. ಹೊಸದಾಗಿ ಬಂದ ನೆಂಟರು ನಗುತ್ತಿದ್ದರು. ಮನೆಯವರಿಗೆ ಅದು ರೂಢಿಯಾಗಿ ಹೋಗಿ, ಗಿರಣಿಯ ಸದ್ದಿನ ಹಾಗೆ ಕಿವಿಗೆ ಬೀಳುವುದೇ ನಿಂತಿತ್ತು.

ಜಗಳದ ಮೂಲ ಒಂದು ಆಕಳು. ಕೊಟ್ರಬಸಮ್ಮ ಸಂಡೂರು ಸೀಮೆಯ ಯಶವಂತನಗರದವಳು. ಗಂಡನ ಮನೆಗೆ ಬರುವಾಗ ಅವಳ ಅಪ್ಪ ಬೂದುಬಣ್ಣದ ಒಂದು ಕಡಸು ಜೊತೆಗೆ ಕೊಟ್ಟು ಕಳಿಸಿದ್ದ. ಗುಡ್ಡದ ಹುಲ್ಲು ತಿಂದು ಬೆಳೆದ ಕಡಸು ಹೊಳೆದಂಡೆಯ ಊರಿಗೆ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿಯಿತು. ಅವಳಿಗೂ ಅಷ್ಟೇ ಹಿಡಿಯಿತು. ಸಂಜೆ ಹೊತ್ತು ಇಬ್ಬರೂ ಕೊಟ್ಟಿಗೆಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿದ್ದರು. ಮುಂದೊಂದು ಸಲ ಅವಳು ತವರಿಗೆ ಹೋಗಿದ್ದಾಗ ಅಕ್ಕನಾಗಮ್ಮನ ಮಗನಿಗೆ ಜ್ವರ ನೆತ್ತಿಗೇರಿತು. ಮಗು ಕಣ್ಣು ಮೇಲೆ ಮಾಡಿದ ಹೊತ್ತಿನಲ್ಲಿ ಅಕ್ಕನಾಗಮ್ಮ ಮಠಕ್ಕೆ ಹಾಲು ಕೊಡುವ ಆಕಳು ಬಿಡುತ್ತೇನೆಂದು ಹರಕೆ ಹೊತ್ತಳು. ಕೊಟ್ಟಿಗೆಯಲ್ಲಿ ಆಗ ಹಾಲು ಕೊಡುತ್ತಿದ್ದುದು ಕೊಟ್ರಬಸಮ್ಮನ ಆ ಬೂದು ಆಕಳೊಂದೇ. ಮಗು ಉಳಿಯಿತು, ಆಕಳು ಹೋಯಿತು. ತವರಿನಿಂದ ಬಂದ ಕೊಟ್ರಬಸಮ್ಮ ಖಾಲಿ ಗೂಟ ನೋಡಿ ಏನೂ ಅನ್ನಲಿಲ್ಲ. ಅಂದಿನಿಂದ ಏನೂ ಅನ್ನಲೇ ಇಲ್ಲ.

ಸಾವಿರದ ಒಂಬೈನೂರ ಇಪ್ಪತ್ತೆಂಟರ ಚಳಿಗಾಲದಲ್ಲಿ ಕೊಟ್ರಬಸಮ್ಮನಿಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಅವಳ ಹಸಿವನ್ನೂ ಕಟ್ಟಿಕೊಂಡು ಹೋದ ಹಾಗಾಯಿತು. ಅನ್ನದ ವಾಸನೆ ಬಂದರೆ ಸಾಕು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಗಂಡ ಚನ್ನಯ್ಯ ಬಳ್ಳಾರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಔಷಧ ಬರೆದುಕೊಟ್ಟು, "ಇದಕ್ಕಿಂತ ಸಮುದ್ರದ ಗಾಳಿ ಮೇಲು. ಒಂದು ತಿಂಗಳು ಇಟ್ಟು ಬರ್ರಿ" ಅಂದರು.

"ಸಮುದ್ರ ಎಲ್ಲೈತಿ, ನಾವೆಲ್ಲದೀವಿ?" ಅಂದ ಅಣ್ಣ ಕೊಟ್ರಯ್ಯ.

ದಾರಿ ಚನ್ನಯ್ಯನಿಗೆ ಗೊತ್ತಿತ್ತು. ಸಂಡೂರಿನ ಮ್ಯಾಂಗನೀಸ್ ಅದಿರು ಹೊಸಪೇಟೆಯಲ್ಲಿ ರೈಲು ಹತ್ತಿ, ಗದಗು ಹುಬ್ಬಳ್ಳಿ ದಾಟಿ, ಪೋರ್ಚುಗೀಸ್ ಪರಂಗಿಯವರ ಸೀಮೆಯ ಮಾರ್ಮಗೋವೆ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಅಲ್ಲಿ ಅದಿರು ತೂಗಿಸುವ ಕೆಲಸದಲ್ಲಿ ಚಿತ್ತವಾಡ್ಗಿಯ ತೋಟಪ್ಪ ಅಂತ ಅವನ ಪರಿಚಯದವನೊಬ್ಬನಿದ್ದ. ಬಂದರಿನಿಂದ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಊರಿದೆ, ರೈಲ್ವೆ ದೊರೆಗಳು ಹೆಂಡರು ಮಕ್ಕಳನ್ನು ಕರೆದುಕೊಂಡು ಗಾಳಿ ಸೇವನೆಗೆ ಬರುತ್ತಾರೆ, ಅಲ್ಲಿ ಮನೆ ಬಾಡಿಗೆಗೆ ಸಿಗುತ್ತದೆ ಅಂತ ತೋಟಪ್ಪ ಹೇಳಿ ಕಳಿಸಿದ. ಇನ್ನು ಉಳಿದದ್ದು ಜೊತೆಗೆ ಯಾರು ಹೋಗಬೇಕು ಅನ್ನುವುದು. ಭತ್ತ ಬಂದು ಗಿರಣಿಗೆ ಬಿಡುವಿಲ್ಲ, ಚನ್ನಯ್ಯ ನಿಲ್ಲುವ ಹಾಗಿಲ್ಲ. ತವರಲ್ಲಿ ತಾಯಿಯಿಲ್ಲ.

ಪಡಸಾಲೆಯಲ್ಲಿ ಗಂಡಸರು ಇದನ್ನೇ ಜಗ್ಗಾಡುತ್ತಿದ್ದಾಗ ಅಡುಗೆಮನೆಯ ಬಾಗಿಲಿಂದ ಅಕ್ಕನಾಗಮ್ಮನ ದನಿ ಬಂತು.

"ನಾ ಹೋಗ್ತೀನಿ."

ಎಲ್ಲರೂ ತಿರುಗಿ ನೋಡಿದರು. ಅವಳಿಗೇ ತನ್ನ ಮಾತು ಕೇಳಿ ಒಂಥರಾ ಆಯಿತು. ಯಾಕೆ ಅಂದೆ ಅಂತ ಅವಳಿಗೂ ತಿಳಿಯಲಿಲ್ಲ. ಎರಡು ತಿಂಗಳಿಂದ ಗೋಡೆಯಾಚೆ ಆ ವಾಕರಿಕೆಯ ಸದ್ದು ಕೇಳಿ ಕೇಳಿ, ತಾನು ಉಣ್ಣುವ ತುತ್ತೂ ಗಂಟಲಲ್ಲಿ ನಿಲ್ಲುತ್ತಿತ್ತು ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ನೀವಿಬ್ರು?" ಅಂದ ಕೊಟ್ರಯ್ಯ. "ಅಲ್ಲಿ ಬೆಕ್ಕೂ ಇರೂದಿಲ್ಲಲೇ!"

"ರೊಟ್ಟಿ ಬಡಿಯಾಕ ಮಾತು ಬೇಕಾಗಂಗಿಲ್ಲ ಬಿಡ್ರಿ" ಅಂದು ಅವಳು ಒಳಗೆ ಹೋದಳು.

ಸರಿರಾತ್ರಿಯಲ್ಲೇ ಬಂಡಿ ಹೊರಟಿತು, ಬಿಟ್ಟು ಬರಲು ಚನ್ನಯ್ಯನೂ ಜೊತೆಗಿದ್ದ. ಕಮಲಾಪುರದ ಕೆರೆಯ ಹತ್ತಿರ ಬರುವಾಗ ಸೂರ್ಯ ಮೂಡುತ್ತಿದ್ದ. ಹಂಪಿಯ ಬಂಡೆಗಳು ಒಂದರ ಮೇಲೊಂದು ನಿದ್ದೆಹೋದ ಆನೆಗಳಂತೆ ಕಂಡವು. ಕೊಟ್ರಬಸಮ್ಮ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಹೊಸಪೇಟೆಯ ಸ್ಟೇಷನ್ನಿನಲ್ಲಿ ಪಕ್ಕದ ಹಳಿಯ ಮೇಲೆ ಅದಿರಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವಳು ಒಮ್ಮೆ ಕಣ್ಣು ತೆರೆದು ಅವನ್ನು ನೋಡಿದಳು, ಮತ್ತೆ ಮುಚ್ಚಿದಳು.

ರೈಲಿನಲ್ಲಿ ಹಗಲು ಹೋಗಿ ರಾತ್ರಿಯಾಗಿ ಮತ್ತೆ ಹಗಲಾಯಿತು. ಅಕ್ಕನಾಗಮ್ಮ ಎಚ್ಚರಾದಾಗ ಕಿಟಕಿಯಾಚೆ ಅವಳು ಎಂದೂ ನೋಡಿರದ ಹಸಿರು ತುಂಬಿತ್ತು. ಬಯಲೇ ಇಲ್ಲ. ಒಂದು ತಿರುವಿನಲ್ಲಿ ಆಕಾಶದಿಂದ ಹಾಲಿನ ಕೊಡ ಬೋರಲು ಹಾಕಿದ ಹಾಗೆ ಬಿಳಿನೀರು ಧುಮುಕುತ್ತಿತ್ತು, ತುಂತುರು ಕಿಟಕಿಯೊಳಗೆ ಬಂದು ಮುಖಕ್ಕೆ ಹಾರಿತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಎದುರಿಗೆ ಕೊಟ್ರಬಸಮ್ಮನೂ ಎದ್ದು ಕೂತು ಅದನ್ನೇ ನೋಡುತ್ತಿದ್ದಳು. ಇಬ್ಬರೂ ನೋಡಿದರು, ಇಬ್ಬರೂ ಸುಮ್ಮನಿದ್ದರು. ಗಡಿಯಲ್ಲಿ ಟೋಪಿಯ ಪೊಲೀಸನೊಬ್ಬ ಹತ್ತಿ ಗಂಟು ಬಿಚ್ಚಿಸಿ, ಗುರೆಳ್ಳು ಪುಡಿಯ ಡಬ್ಬಿ ಮೂಸಿ, ಇದೇನು ಮದ್ದು ಅಂತ ಕೇಳಿದ. ಚನ್ನಯ್ಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು.

ಊರಿನ ಹೆಸರು ಅಕ್ಕನಾಗಮ್ಮನ ನಾಲಿಗೆಗೆ ಹೊರಳಲಿಲ್ಲ. ಅವಳು ಅದನ್ನು ಕೊನೆವರೆಗೂ ಸಮುದ್ರದೂರು ಅಂತಲೇ ಕರೆದಳು. ಕೆಂಪು ಹೆಂಚಿನ ಮನೆಗಳು, ಒಂದು ಬಿಳಿ ಇಗರ್ಜಿ, ದೊರೆಗಳಿಗೆಂದು ಕಟ್ಟಿದ ನಾಕಾರು ಬಂಗಲೆಗಳು. ಅವುಗಳ ವರಾಂಡದಲ್ಲಿ ಬೆತ್ತದ ಕುರ್ಚಿಗಳ ಮೇಲೆ ಮೇಡಮ್ಮುಗಳು ಹಗಲಿಡೀ ಏನೂ ಮಾಡದೆ ಕೂತಿರುತ್ತಿದ್ದರು. ಊರು ಮುಗಿದು ಮರಳು ಶುರುವಾಗುವಲ್ಲಿ ಇವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಜಗಲಿ. ಜಗಲಿಯಿಂದಾಚೆ ಸಮುದ್ರವಲ್ಲದೆ ಬೇರೇನೂ ಇರಲಿಲ್ಲ.

ಚನ್ನಯ್ಯ ಮರುದಿನವೇ ಹೊರಟ. ತೋಟಪ್ಪ ವಾರಕ್ಕೊಮ್ಮೆ ಬಂದು ಅಕ್ಕಿ ಬೇಳೆ ಕೊಟ್ಟುಹೋಗುವುದೆಂದು ಮಾತಾಯಿತು. ಹೋಗುವಾಗ ಚನ್ನಯ್ಯ ಇಬ್ಬರ ಮುಖವನ್ನೂ ನೋಡಿ, "ಏನರ ಬೇಕಾದ್ರ..." ಅಂತ ಶುರು ಮಾಡಿ, ಮುಂದೆ ಏನು ಹೇಳಬೇಕೆಂದು ತಿಳಿಯದೆ ಹೋಗಿಬಿಟ್ಟ.

ಮೊದಲ ದಿನಗಳು ಅಕ್ಕನಾಗಮ್ಮನಿಗೆ ಕನಸಿನಲ್ಲಿ ನಡೆದ ಹಾಗೆ ನಡೆದವು. ಅಲೆಗಳ ಸದ್ದು ಯಾರೂ ನಿಲ್ಲಿಸದ ಗಿರಣಿಯಂತೆ ಕೇಳುತ್ತಿತ್ತು. ಮಲಗಿದಾಗ ಗಿರಣಿ ಬಂದ್ ಮಾಡಿಸಬೇಕು ಅನ್ನಿಸಿ ಅರೆನಿದ್ದೆಯಲ್ಲಿ ಗಂಡನನ್ನು ಕರೆಯುತ್ತಿದ್ದಳು. ಗಾಳಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಒದ್ದೆ ಮಾಡುತ್ತಿತ್ತು. ಉಪ್ಪು ನೀರಾಯಿತು, ವಿಭೂತಿ ಗಟ್ಟಿಯ ಅಂಚು ಮೆತ್ತಗಾಯಿತು. ಬೆಳಗು ಎಲ್ಲಿ ಮುಗಿದು ಮಧ್ಯಾಹ್ನ ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಅವಳು ಲಿಂಗಪೂಜೆ ಮುಗಿಸಿ, ಗಂಜಿ ಕಾಸಿ, ಬಟ್ಟಲು ಜಗಲಿಯ ಮೇಲಿಟ್ಟು ಒಳಗೆ ಬರುವಳು. ಕೊಟ್ರಬಸಮ್ಮ ಎರಡು ಗುಟುಕು ಕುಡಿದು ಸೆರಗು ಬಾಯಿಗೆ ಒತ್ತಿಕೊಳ್ಳುವಳು. ಆಮೇಲೆ ಇಬ್ಬರೂ ಜಗಲಿಯ ಆ ತುದಿ ಈ ತುದಿಯಲ್ಲಿ ಕೂತು ನೀರು ನೋಡುವರು. ಮಾತಾಡದೆ ಇರುವುದು ಮನೆಯಲ್ಲಿ ಒಂದು ಕೆಲಸವಾಗಿತ್ತು, ಎಚ್ಚರದಿಂದ ಮಾಡಬೇಕಾಗಿತ್ತು. ಇಲ್ಲಿ ಅದನ್ನು ನೋಡುವವರೂ ಇರಲಿಲ್ಲ.

ಒಂದು ಸಂಜೆ ತೋಟಪ್ಪ ಬಂದು, "ಬರ್ರಿ ಅವ್ವಾರ, ಬಂದರ ತೋರಿಸ್ತೀನಿ, ಹಡಗು ಬಂದೈತಿ" ಅಂತ ಟಾಂಗಾದಲ್ಲಿ ಕೂರಿಸಿಕೊಂಡು ಹೋದ. ಬಂದರಿನ ಕಟ್ಟೆಯ ಮೇಲೆ ಕಪ್ಪು ಗುಡ್ಡವೊಂದಿತ್ತು. ಹೆಂಗಸರು ಗಂಡಸರು ಬುಟ್ಟಿ ತುಂಬಿ ಹಲಗೆಯ ಮೇಲೆ ನಡೆದು, ಮನೆಗಿಂತ ಎತ್ತರದ ಹಡಗಿನ ಹೊಟ್ಟೆಗೆ ಸುರಿಯುತ್ತಿದ್ದರು. ಕೊಟ್ರಬಸಮ್ಮ ಟಾಂಗಾದಿಂದ ಇಳಿದು ಆ ಗುಡ್ಡದ ಬುಡಕ್ಕೆ ಹೋಗಿ ಒಂದು ಕಲ್ಲು ಎತ್ತಿಕೊಂಡಳು. ಕಲ್ಲಿಗೆ ಅಂಟಿದ ಕೆಂಪು ಮಣ್ಣು ಅವಳ ಅಂಗೈಗೆ ಹತ್ತಿತು.

"ಇದು ನಮ್ಮೂರ ಮಣ್ಣು" ಅಂದಳು.

"ಹೌದ್ರಿ ಅವ್ವಾರ, ಯಶವಂತನಗರದ್ದ" ಅಂದ ತೋಟಪ್ಪ. "ಬಿಲಾಯ್ತಿಗೆ ಹೋಗ್ತೈತಿ."

ಅವಳು ಹಡಗನ್ನೂ ಅದರಾಚೆಯ ನೀರನ್ನೂ ನೋಡುತ್ತ ಬಹಳ ಹೊತ್ತು ನಿಂತಳು. ಅಕ್ಕನಾಗಮ್ಮ ಅವಳ ಪಕ್ಕದಲ್ಲೇ ಇದ್ದಳು. ಮೂವತ್ತರ ಹೆಂಗಸಿನ ಕುತ್ತಿಗೆ ಎಷ್ಟು ಸಣ್ಣಗಾಗಿದೆ, ಹಿಂದಿನ ಎಲುಬು ಹೇಗೆ ಎದ್ದು ಕಾಣುತ್ತಿದೆ ಅಂತ ಅವಳು ಅಂದೇ ಸರಿಯಾಗಿ ನೋಡಿದ್ದು. ಇವಳು ಇಲ್ಲೇ ಹೋಗಿಬಿಟ್ಟರೆ ಅಂತ ಒಂದು ಯೋಚನೆ ಬಂತು. ಅದನ್ನು ದೂಡಲು ಅವಳು ತೋಟಪ್ಪನಿಗೆ, "ಜಲ್ದಿ ಹೋಗೂನು, ತಂಪಾಗೈತಿ" ಅಂದಳು.

ಅದಾಗಿ ಎರಡನೆಯ ದಿನ ಅಕ್ಕನಾಗಮ್ಮ ಎದ್ದಾಗ ಕೊಟ್ರಬಸಮ್ಮನ ಹಾಸಿಗೆ ಖಾಲಿಯಿತ್ತು. ಹಿತ್ತಲಿಗೆ ಹೋಗಿರಬೇಕು ಅಂದುಕೊಂಡಳು. ಹಿತ್ತಲಲ್ಲಿ ಇಲ್ಲ. ಜಗಲಿಗೆ ಬಂದರೆ ಸಮುದ್ರವೂ ಇಲ್ಲ. ದಟ್ಟವಾದ ಮಂಜು ಮನೆಯ ಮೆಟ್ಟಿಲವರೆಗೆ ಬಂದು ನಿಂತಿತ್ತು. ಅಲೆಯ ಸದ್ದು ಮಾತ್ರ ಎಲ್ಲ ಕಡೆಯಿಂದಲೂ ಬರುತ್ತಿತ್ತು. ಮೆಟ್ಟಿಲಿಂದ ನೀರಿನ ಕಡೆಗೆ ಒಂದು ಸಾಲು ಹೆಜ್ಜೆಗಳಿದ್ದವು.

ಅಕ್ಕನಾಗಮ್ಮ ಮೆಟ್ಟಿಲು ಇಳಿದಳು. ಕೂದಲು ಕಟ್ಟದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಜಿನೊಳಗೆ ನಡೆದಳು. ಹಸಿ ಮರಳು ಬಂದ ಕಡೆ ಹೆಜ್ಜೆಗಳನ್ನು ಅಲೆ ಅಳಿಸಿಬಿಟ್ಟಿತ್ತು. ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಕರೆಯಬೇಕು. ಬಾಯಿ ತೆರೆದಳು, ಹೆಸರು ಹೊರಡಲಿಲ್ಲ. ಎಂಟು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ತುಕ್ಕು ಹಿಡಿದಿತ್ತು.

"ಬಸವ್ವಾ!" ಅಂದಳು, ಮೆಲ್ಲಗೆ. ಆಮೇಲೆ ಗಟ್ಟಿಯಾಗಿ. "ಬಸವ್ವಾ! ಏ ಬಸವ್ವಾ! ಎಲ್ಲದೀಯವ್ವಾ!"

ಮಂಜು ಆ ಕೂಗನ್ನು ಹತ್ತಿಯ ಹಾಗೆ ನುಂಗಿಕೊಂಡಿತು. ಅವಳು ಬಲಕ್ಕೆ ಓಡಿದಳು. ಓಡುತ್ತ ಕೂಗಿದಳು, ಕೂಗುತ್ತ ಅಳತೊಡಗಿದಳು. ನಲವತ್ತೈದರ ಹೆಂಗಸು, ಗಿರಣಿ ಮನೆಯ ಹಿರಿಯ ಸೊಸೆ, ಕಾಲಿಗೆ ಕಪ್ಪೆಚಿಪ್ಪು ಚುಚ್ಚಿದ್ದೂ ತಿಳಿಯದೆ ಓಡಿದಳು. ಎಳೆದು ಹಾಕಿದ ದೋಣಿಗಳು ಒಂದೊಂದಾಗಿ ಮಂಜಿನಿಂದ ಹೊರಬಂದು ಮತ್ತೆ ಮಂಜಿನೊಳಗೆ ಹೋದವು. ದೋಣಿಗಳ ಆಚೆ ತೆಂಗಿನ ಗರಿಯ ಗುಡಿಸಲುಗಳು. ಒಂದರ ಮುಂದೆ ಬೆಂಕಿ ಉರಿಯುತ್ತಿತ್ತು.

ಬೆಂಕಿಯ ಪಕ್ಕದಲ್ಲಿ ಬಿಳಿ ತಲೆಯ ಮೀನುಗಾರ ಮುದುಕಿಯೊಬ್ಬಳು ಕೂತಿದ್ದಳು. ಅವಳ ಎದುರು ಕೊಟ್ರಬಸಮ್ಮ, ಮಣ್ಣಿನ ಪರಟಿಯಲ್ಲಿ ಕುಚಲಕ್ಕಿ ಗಂಜಿ ಹಾಕಿಸಿಕೊಂಡು, ಉಪ್ಪಿನಲ್ಲಿಟ್ಟ ಮಾವಿನಕಾಯಿ ಕಚ್ಚಿಕೊಂಡು, ಉಣ್ಣುತ್ತಿದ್ದಳು. ಎರಡು ಗುಟುಕಲ್ಲ. ಹೊಲದಿಂದ ಬಂದ ಆಳಿನ ಹಾಗೆ ಸೊರಸೊರ ಉಣ್ಣುತ್ತಿದ್ದಳು.

ಅಕ್ಕನಾಗಮ್ಮ ದೋಣಿ ಹಿಡಿದುಕೊಂಡು ನಿಂತಳು. ಸುತ್ತಲೂ ಮೀನಿನ ವಾಸನೆ. ಒಣಗಲು ಹಾಕಿದ ಬಲೆ. ತಮ್ಮದೋ ಪರರ ಮಡಕೆಯ ನೀರು ಸಹ ಮುಟ್ಟದ ಮನೆತನ. ಕಂಪ್ಲಿಯಲ್ಲಿ ಇದು ಗೊತ್ತಾದರೆ ಮಠದ ಅಯ್ಯನವರಿಂದ ಹಿಡಿದು ಬಾವಿಕಟ್ಟೆಯ ಹೆಂಗಸರವರೆಗೆ ಏನೇನು ಅಂದಾರು ಅಂತ ಅವಳಿಗೆ ಒಂದು ಗಳಿಗೆಯಲ್ಲಿ ಹೊಳೆಯಿತು.

ಕೊಟ್ರಬಸಮ್ಮ ತಲೆ ಎತ್ತಿದಳು. ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಿಳಿಚಿದಳು. ಪರಟಿ ಕೆಳಗಿಡಲು ಹೋದಳು.

"ಇಡಬ್ಯಾಡ" ಅಂದಳು ಅಕ್ಕನಾಗಮ್ಮ. "ಉಣ್ಣು. ಹೊಟ್ಟಿತುಂಬ ಉಣ್ಣು ಬಸವ್ವ."

ಮುದುಕಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಬೇರೆ ಏನು ತಿಳಿಯಬೇಕಿತ್ತೋ ಅದು ತಿಳಿಯಿತು. ಸರಿದು ಕೂತು, ಪಕ್ಕದ ಚಾಪೆ ತಟ್ಟಿ, ಇನ್ನೊಂದು ಪರಟಿಗೆ ಗಂಜಿ ಸುರಿದು ನೀಡಿದಳು. ಅಕ್ಕನಾಗಮ್ಮ ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡಳು. ಆಮೇಲೆ ಕೂತಳು. ಗಂಜಿ ಬಿಸಿಯಾಗಿತ್ತು. ಓಡಿ ಬಂದ ಹಸಿವಿಗೋ ಏನೋ, ಅಂಥ ರುಚಿ ಅವಳು ಯಾವ ಮದುವೆಯ ಪಂಕ್ತಿಯಲ್ಲೂ ಕಂಡಿರಲಿಲ್ಲ.

"ನೀ ಹೊಳಿ ಪಾಲಾದಿ ಅಂತ ಮಾಡಿದ್ದೆ" ಅಂದಳು.

"ಇದು ಹೊಳಿ ಅಲ್ಲಕ್ಕ, ಸಮುದ್ರ" ಅಂದಳು ಕೊಟ್ರಬಸಮ್ಮ. ಅಂದು, ತಾನು ಅಂದದ್ದಕ್ಕೆ ತಾನೇ ಬೆರಗಾಗಿ ಬಾಯಿ ಮುಚ್ಚಿಕೊಂಡಳು.

ನಡೆದದ್ದು ಇಷ್ಟೇ. ಬೆಳಗ್ಗೆ ಎಚ್ಚರಾಗಿ ಮಂಜು ನೋಡಲು ಇಳಿದವಳು ದಾರಿ ತಪ್ಪಿ ನಡೆದಳು. ಬೆಂಕಿ ಕಂಡಿತು. ಮುದುಕಿ ಕೈಹಿಡಿದು ಕೂರಿಸಿದಳು. ಗಂಜಿಯ ವಾಸನೆ ಮೂಗಿಗೆ ಬಂದಾಗ ವಾಕರಿಕೆ ಬರುತ್ತದೆಂದು ಕಾದಳು. ಬರಲಿಲ್ಲ. ಹಸಿವು ಬಂತು.

ಅಂದಿನಿಂದ ದಿನಾ ಬೆಳಗ್ಗೆ ಅಕ್ಕನಾಗಮ್ಮನ ಪೂಜೆ ಮುಗಿದ ಮೇಲೆ ಇಬ್ಬರೂ ಆ ಗುಡಿಸಲಿಗೆ ಹೋಗತೊಡಗಿದರು. ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು, ಇವರೂ ಆಯಿ ಅಂದರು. ಮೀನು ಮುಟ್ಟಿದ ಪಾತ್ರೆ ಇವರ ಹತ್ತಿರ ಬರದಂತೆ ಅವಳೇ ನೋಡಿಕೊಂಡಳು, ಯಾರು ಹೇಳಿಕೊಟ್ಟರೋ. ಇವರು ಅವಳಿಗೆ ಗುರೆಳ್ಳು ಪುಡಿ ಕೊಟ್ಟರು. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಖಾರಕ್ಕೆ ಕಣ್ಣೀರು ಸುರಿಸಿ, ನಕ್ಕು, ಮತ್ತೆ ಕೈ ಚಾಚಿದಳು.

ಮಾತು ಒಮ್ಮೆಲೇ ಬರಲಿಲ್ಲ. ಮೊದಲು ಉಪ್ಪು, ನೀರು, ಬಿಸಿಲು ಇಷ್ಟರ ಬಗ್ಗೆ ಬಂತು. ಒಂದು ಮಧ್ಯಾಹ್ನ ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ಕೈಕೈ ಹಿಡಿದು ನಿಂತಿದ್ದರು. ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಭೂಮಿಯೇ ಜಾರಿದ ಹಾಗಾಗಿ ಅಕ್ಕನಾಗಮ್ಮ "ಯವ್ವಾ!" ಅಂತ ಕಿರುಚುವಳು, ಕೊಟ್ರಬಸಮ್ಮ ನಗುವಳು. ನಗುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ನನ್ನ ಆಕಳ ಯಾಕ ಕೊಟ್ಟಿ ಅಕ್ಕ?"

ಅಕ್ಕನಾಗಮ್ಮ ಕೈ ಬಿಡಲಿಲ್ಲ. "ಕೂಸು ಕಣ್ಣು ಮ್ಯಾಲ ಮಾಡಿತ್ತವ್ವ. ಇವತ್ತ ಹಂಗಾದ್ರೂ ನಾ ಕೊಡ್ತೀನಿ. ಸುಳ್ಳು ಯಾಕ ಹೇಳ್ಲಿ."

ಒಂದು ಅಲೆ ಬಂದು ಹೋಯಿತು.

"ಆದ್ರ ನೀ ಬರೂತನಕ ಆಕಳನ್ನ ಕೊಟ್ಟಿಗ್ಯಾಗ ಇರಿಸ್ಬೇಕಾಗಿತ್ತು" ಅಂದಳು ಅಕ್ಕನಾಗಮ್ಮ. "ನೀ ಅದರ ಮೈ ಸವರಿ ಕಳಿಸ್ತಿದ್ದಿ. ಅಷ್ಟು ನನಗ ತಿಳೀಲಿಲ್ಲ."

"ಕೇಳಿದ್ರ ನಾನ ಕೊಡ್ತಿದ್ದೆ."

"ಕೊಡ್ತಿದ್ದಿಲ್ಲ ನೀನು."

"ಅವತ್ತ ಕೊಡ್ತಿದ್ದಿಲ್ಲ" ಅಂತ ಕೊಟ್ರಬಸಮ್ಮ ಒಪ್ಪಿಕೊಂಡಳು. "ಅತ್ತು ಕರೆದು, ಮರುದಿನ ಕೊಡ್ತಿದ್ದೆ." ಆಮೇಲೆ ಅವಳ ಕಣ್ಣು ತುಂಬಿ ಬಂತು. ಅಕ್ಕನಾಗಮ್ಮ ಒದ್ದೆ ಸೆರಗಿನಿಂದ ಅವಳ ಮುಖ ಒರೆಸಹೋಗಿ ಕಣ್ಣಿಗೆಲ್ಲ ಉಪ್ಪುನೀರು ಮಾಡಿದಳು. ಉರಿಯಿಂದ ಕೊಟ್ರಬಸಮ್ಮ ಕುಣಿದಾಡಿದಳು. ದಂಡೆಯಲ್ಲಿ ಛತ್ರಿ ಹಿಡಿದು ಹೋಗುತ್ತಿದ್ದ ಒಬ್ಬ ಮೇಡಮ್ಮು ನಿಂತು, ಈ ಇಬ್ಬರು ಹೆಂಗಸರಿಗೆ ಏನಾಗಿದೆ ಅಂತ ನೋಡಿದಳು.

ಮುಂದಿನ ದಿನಗಳು ಹೇಗೆ ಕಳೆದವು ಅಂದರೆ ಅಕ್ಕನಾಗಮ್ಮನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಎಂಟು ವರ್ಷದ ಮಾತು ಬಾಕಿ ಇತ್ತು. ಜಗಲಿಯ ಮೇಲೆ ಕಾಲು ಚಾಚಿ, ತಲೆಗೆ ಎಣ್ಣೆ ಹಚ್ಚುತ್ತ, ಹೇನು ಇಲ್ಲದಿದ್ದರೂ ಹುಡುಕುತ್ತ ಮಾತಾಡಿದರು. ಸತ್ತುಹೋದ ಅತ್ತೆಯ ಸಿಟ್ಟು, ಗಂಡಂದಿರ ಗೊರಕೆ, ತವರಿನ ಗುಡ್ಡದಲ್ಲಿ ಮಳೆ ಬಿದ್ದಾಗ ಹರಿಯುವ ಕೆಂಪು ನೀರು. ಮಾತಾಡುತ್ತ ಒಬ್ಬಳು ನಿದ್ದೆ ಹೋದರೆ ಇನ್ನೊಬ್ಬಳು ಅಲೆಗಳಿಗೆ ಹೇಳುತ್ತ ಇರುತ್ತಿದ್ದಳು. ಹಾಯಿದೋಣಿಗಳು ನೀರಿನ ಮೇಲೆ ಬಿಳಿ ಚಿಟ್ಟೆಗಳಂತೆ ಕೂತಲ್ಲೇ ಕೂತಿರುತ್ತಿದ್ದವು. ಕೊಟ್ರಬಸಮ್ಮನ ಬಳೆಗಳು ಮಣಿಕಟ್ಟಿನ ಹತ್ತಿರ ನಿಲ್ಲತೊಡಗಿದವು.

ತಿಂಗಳು ತುಂಬಿ ಚನ್ನಯ್ಯ ಕರೆಯಲು ಬಂದ. ಜಗಲಿಯ ಕೆಳಗೆ ನಿಂತು ಎರಡು ಸಲ ಕೆಮ್ಮಿದ. ಒಳಗೆ ಇಬ್ಬರು ಹೆಂಗಸರು ಒಂದೇ ಸಮನೆ ನಗುತ್ತಿದ್ದರು. ಮನೆ ತಪ್ಪಿ ಬಂದೆನೇನೋ ಅಂತ ಅವನು ಆಚೀಚೆ ನೋಡಿದ. ಆಮೇಲೆ ಕೊಟ್ರಬಸಮ್ಮನೇ ಹೊರಗೆ ಬಂದಳು, ಗಲ್ಲ ತುಂಬಿಕೊಂಡು, ಬಿಸಿಲಿಗೆ ಕಪ್ಪಾಗಿ.

"ಕುಂದರ್ರಿ, ಗಂಜಿ ಕೊಡ್ತೀನಿ" ಅಂದಳು.

ಹೊರಡುವ ಬೆಳಗ್ಗೆ ಆಯಿ ಒಂದು ಗಡಿಗೆ ಉಪ್ಪುಮಾವಿನಕಾಯಿ ತಂದುಕೊಟ್ಟು, ಇಬ್ಬರ ಕೆನ್ನೆಯನ್ನೂ ಎರಡು ಕೈಯಿಂದ ಸವರಿ, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇವರು ಅವಳ ಕಾಲು ಮುಟ್ಟಿದರು. ಇದು ಯಾರು ಅಂತ ಚನ್ನಯ್ಯ ಕೇಳಿದಾಗ, "ನೆರೆಮನಿಯಾಕಿರಿ, ಭಾಳ ಛಲೋ ಹೆಣ್ಮಗಳು" ಅಂದಳು ಅಕ್ಕನಾಗಮ್ಮ. ಅದಕ್ಕಿಂತ ಹೆಚ್ಚು ಅವಳೂ ಹೇಳಲಿಲ್ಲ, ಕೊಟ್ರಬಸಮ್ಮನೂ ಹೇಳಲಿಲ್ಲ, ಆಗಲೂ ಇಲ್ಲ, ಮುಂದೆಂದೂ ಇಲ್ಲ. ಕಂಪ್ಲಿಯಲ್ಲಿ ಕೊಟ್ರಯ್ಯ, "ಹೆಂಗ ಉಣ್ಣಾಕ ಹತ್ತಿದ್ಲು?" ಅಂತ ಬೆರಗಾಗಿ ಕೇಳಿದಾಗ ಅಕ್ಕನಾಗಮ್ಮ, "ಗಾಳಿರಿ. ಡಾಕ್ಟರು ಹೇಳಿದ್ರಲ್ಲ" ಅಂದುಬಿಟ್ಟಳು.

ಮನೆಯ ಮಕ್ಕಳಿಗೆ ಒಂದು ವಾರ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಯಾರೂ ಏನನ್ನೂ ಹೇಳಿ ಕಳಿಸುತ್ತಿರಲಿಲ್ಲ.

ಹಿಂದಿನ ಬೀದಿಯ ಯಲ್ಲಕ್ಕ ಒಂದು ಸಂಜೆ ಕೂತು ಹೋಗಲು ಬಂದಳು. ಹೊಳೆ ಬಿಟ್ಟು ಬೇರೆ ನೀರು ನೋಡಿದವಳಲ್ಲ. "ಸಮುದ್ರ ಹೆಂಗಿರ್ತೈತಿ, ಎಂಥಾ ಬಣ್ಣ?" ಅಂತ ಕೇಳಿದಳು.

"ನೀಲಿ" ಅಂದಳು ಅಕ್ಕನಾಗಮ್ಮ.

"ಎಲ್ಲಿ ನೀಲಿ ಅಕ್ಕ?" ಅಂದಳು ಕೊಟ್ರಬಸಮ್ಮ. "ಹೊಡೆ ಬಿಚ್ಚೂಕಿಂತ ಮುಂಚಿನ ಭತ್ತದ ಗದ್ದಿ ಹಂಗ ಹಸರಿತ್ತು."

"ಅದು ಬೆಳಿಗ್ಗಿ. ಮಧ್ಯಾಹ್ನ ನೀಲಿ."

"ಮಧ್ಯಾಹ್ನ ಬಣ್ಣನ ಇರ್ತಿದ್ದಿಲ್ಲ. ಬರೇ ಬೆಳಕು."

"ನೀ ನಿದ್ದಿ ಮಾಡ್ತಿದ್ದಿ, ನಿನಗೇನ ಗೊತ್ತು?"

"ನೀ ಗೊರಕಿ ಹೊಡೀತಿದ್ದಿ, ನಾ ಎಲ್ಲಿ ನಿದ್ದಿ ಮಾಡ್ಲಿ!"

ಯಲ್ಲಕ್ಕ ದೀಪ ಹಚ್ಚುವ ಹೊತ್ತಿನವರೆಗೆ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಎದ್ದು ಹೋಗುವಾಗಲೂ ಸಮುದ್ರ ಯಾವ ಬಣ್ಣದ್ದೆಂದು ಅವಳಿಗೆ ಗೊತ್ತಾಗಿರಲಿಲ್ಲ.